ರಸ್ಕಿನ ತಪ್ಪು

"ನೀನೇ ಕಣೇ ನನ್ ತಮ್ಮನ ಒಟ್ಟೆಗೆ ಕಾಯಿಲೆ ಆಕ್ದೋಳು! ಬೇರೆ ಯಾರೂ ಅಲ್ಲ, ನೀನೇ!"

"ಬಾಯಿ ಬಿಗಿ ಇಟ್ಕೊಂಡು ಮಾತಾಡು ರಾಮಕ್ಕ. ಅಂಗಡಿ ಮುಂದೆ ಜನ ನಿಂತವ್ರೆ."

"ನಿಂತ್ಕೊಳ್ಲಿ! ನೀನು ಮಾರೋದು ಏನು ಅಂತ ಅವ್ರಿಗೂ ಗೊತ್ತಾಗ್ಲಿ. ತಗೋ, ಕೇಳಿಸ್ಕೋ!"

ರಾಮಮ್ಮ ತನ್ನ ಮೊಬೈಲನ್ನು ಅಂಜಿನಮ್ಮನ ಮೂಗಿಗೆ ತಾಗುವ ಹಾಗೆ ಹಿಡಿದಳು. ಅದರೊಳಗೆ ಒಬ್ಬ ಗಂಡಸು, ಹಿಂದೆ ಢಂ ಢಂ ಅಂತ ಸದ್ದು ಹಾಕಿಕೊಂಡು, ಊರಿಗೇ ಬೆಂಕಿ ಬಿದ್ದಂತೆ ಕೂಗುತ್ತಿದ್ದ. ಪ್ಯಾಕೆಟ್ ತಿಂಡಿ ತಿನ್ನುವವರೇ ಎಚ್ಚರ! ಬಿಸ್ಕತ್, ರಸ್ಕ್, ನೂಡಲ್ಸ್, ಚಿಪ್ಸ್! ಕರುಳಿನ ಕ್ಯಾನ್ಸರ್ ಅಪಾಯ ಶೇಕಡಾ ಮೂವತ್ತರಷ್ಟು ಹೆಚ್ಚು!

ಅಂಗಡಿಯ ಮುಂದೆ ಮಲಕಪ್ಪ ನಿಂತಿದ್ದ. ಯಾದಗಿರಿ ಕಡೆಯವನು, ಗಾರೆ ಕೆಲಸದವನು, ಅಂಜಿನಮ್ಮನ ಕಟ್ಟಡದ ಮೇಲಿನ ಕೋಣೆಯಲ್ಲೇ ಬಾಡಿಗೆಗಿದ್ದ. ಕೆಲಸಕ್ಕೆ ಹೊರಡುವ ಮುಂಚೆ ಒಂದು ಬಿಸ್ಕತ್ ಪ್ಯಾಕೆಟ್ ಒಡೆದು, ಮೊದಲನೆಯ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ್ದವನು ಹಾಗೇ ನಿಂತುಬಿಟ್ಟ. ಬಿಸ್ಕತ್ತು ಕರಗಿ ಟೀಯೊಳಗೆ ಬಿತ್ತು.

"ಅಕ್ಕಾರ, ಇದನ್ನ ತಿನ್ಲೋ, ವಾಪಸ್ ಕೊಡ್ಲೋ?"

"ನೀನು ಸುಮ್ಕೆ ತಿನ್ನಪ್ಪ!" ಎಂದು ಗದರಿ ಅಂಜಿನಮ್ಮ ನಾದಿನಿಯ ಕಡೆ ತಿರುಗಿದಳು. "ನೀನು ದಿನಾ ತಂದು ಬೇಯಿಸ್ತೀಯಲ್ಲ ಸೊಪ್ಪು, ಅದು ಯಾವ ನೀರಲ್ಲಿ ಬೆಳೆದಿದ್ದು ಗೊತ್ತಾ? ನಮ್ ಕೆರೆ ನೊರೆ ಕುಡಿದು ಬೆಳೆದಿದ್ದು. ಅದುಕ್ಕೂ ಒಂದು ವೀಡಿಯೋ ಉಡುಕ್ಕೊಂಡು ಬಾ, ನೋಡಾಣ."

"ಸೊಪ್ಪು ತಿಂದು ಯಾರೂ ಸತ್ತಿಲ್ಲ."

"ರಸ್ಕ್ ತಿಂದೂ ನಿನ್ ತಮ್ಮ ಸತ್ತಿಲ್ಲ!"

ಒಳಮನೆಯಿಂದ ಅಂಜಿನಮ್ಮನ ಗಂಡ ಚಿಕ್ಕಬೈರಪ್ಪನ ದನಿ ಸಣ್ಣಗೆ ಬಂತು. "ಯಾರಾದ್ರೂ ಒಬ್ರು ನಿಲ್ಸ್ರಮ್ಮ. ನೀವಿಬ್ರೂ ಇಂಗೇ ಕಿತ್ತಾಡಿದ್ರೆ ಇವತ್ತೇ ಸತ್ತೋಯ್ತೀನಿ."

ಒಬ್ಬಳು ಅಂಗಡಿಯಲ್ಲಿ, ಇನ್ನೊಬ್ಬಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕತೊಡಗಿದರು.

ಚಿಕ್ಕಬೈರಪ್ಪನ ದೊಡ್ಡ ಕರುಳಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಮಾಡಿ ತೆಗೆದಿದ್ದರು. ಮತ್ತೆ ಬರದಿರಲಿ ಎಂದು ಈಗ ಆಸ್ಪತ್ರೆಗೆ ಹೋಗಿ ನರಕ್ಕೆ ಔಷಧಿ ಹತ್ತಿಸಿಕೊಂಡು ಬರಬೇಕಿತ್ತು. ತಮ್ಮನನ್ನು ನೋಡಿಕೊಳ್ಳಲೆಂದು ಅಕ್ಕ ರಾಮಮ್ಮ ಅತ್ತಿಬೆಲೆ ಹತ್ತಿರದ ತನ್ನ ಗಂಡನ ಊರಿನಿಂದ ವರ್ತೂರಿಗೆ ಬಂದಿದ್ದಳು. ಬಂದವಳು ತಮ್ಮನನ್ನು ಚೆನ್ನಾಗಿಯೇ ನೋಡಿಕೊಂಡಳು. ಅದನ್ನು ಅಂಜಿನಮ್ಮ ಯಾವತ್ತೂ ಇಲ್ಲವೆನ್ನಲಿಲ್ಲ. ರಾತ್ರಿಯೆಲ್ಲ ಎದ್ದಿದ್ದಾಳೆ, ಹೊಲಸು ಬಳಿದಿದ್ದಾಳೆ, ಮೂಗು ಮುರಿದಿಲ್ಲ. ಆದರೆ ಕೈ ಕೆಲಸದ ಜೊತೆಗೆ ಬಾಯಿಯೂ ನಡೆಯುತ್ತಿತ್ತು. ಮಾತು ಎಲ್ಲಿ ಶುರುವಾದರೂ ರಸ್ಕಿನ ಡಬ್ಬಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ಅಂಜಿನಮ್ಮನಿಗೆ ಅಷ್ಟು ಸಿಟ್ಟು ಬರುತ್ತಿದ್ದದ್ದು ಆ ಮಾತು ಸುಳ್ಳೆಂದಲ್ಲ. ನಿಜವಿರಬಹುದೆಂದು.

ಹೊಲ ಇದ್ದಾಗ ಎರಡು ಹೊತ್ತು ಒಲೆ ಉರಿಯುತ್ತಿತ್ತು. ಹೊಲದ ಮೇಲೆ ಅಪಾರ್ಟ್‌ಮೆಂಟ್ ಎದ್ದು, ಬಂದ ದುಡ್ಡಲ್ಲಿ ಬಾಡಿಗೆ ಕಟ್ಟಡ ಎದ್ದು, ಕೆಳಗೆ ಈ ಅಂಗಡಿ ಬಂದ ಮೇಲೆ ಬದುಕಿನ ಲೆಕ್ಕವೇ ಬದಲಾಯಿತು. ಕಂಪನಿ ಕ್ಯಾಬ್ ಓಡಿಸುವವರು, ಗಾರೆ ಕೆಲಸದವರು, ಸೆಕ್ಯೂರಿಟಿಯವರು ಎಲ್ಲರೂ ಬೆಳಗಾಗುವ ಮುಂಚೆಯೇ ಬಾಗಿಲು ತಟ್ಟುತ್ತಾರೆ. ಆ ಹೊತ್ತಿನಲ್ಲಿ ಯಾರು ರಾಗಿ ಹಿಟ್ಟು ತೊಳಸುತ್ತಾರೆ? ಗಂಡನ ಕೈಗೆ ಒಂದು ಲೋಟ ಟೀ, ನಾಲ್ಕು ರಸ್ಕ್. ಮಧ್ಯಾಹ್ನ ಅನ್ನ ಇದ್ದರೆ ಇತ್ತು, ಇಲ್ಲದಿದ್ದರೆ ಬನ್ನು. ಸಂಜೆ ಬಿಸಿನೀರು ಹುಯ್ದರೆ ನೂಡಲ್ಸ್. ಚಿಕ್ಕಬೈರಪ್ಪನೂ ಒಂದು ದಿನ ಬೇಡವೆಂದವನಲ್ಲ. ಮಿಕ್ಸ್ಚರ್ ಪೊಟ್ಟಣವನ್ನು ಹಲ್ಲಲ್ಲೇ ಕಿತ್ತು, ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು, ಹೋಗಿ ಬರುವ ನೀರಿನ ಟ್ಯಾಂಕರ್‌ಗಳನ್ನು ನೋಡುತ್ತಾ ತಿನ್ನುತ್ತಿದ್ದ. ಸುಖವಾಗಿದ್ದ. ಆ ಸುಖ ತನಗೂ ಅನುಕೂಲವಾಗಿತ್ತು ಅನ್ನುವುದೇ ಈಗ ಅಂಜಿನಮ್ಮನ ಎದೆಗೆ ಮುಳ್ಳಾಗಿತ್ತು.

ಅವತ್ತು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ, ಆ ವೀಡಿಯೋವನ್ನು ತನ್ನ ಮೊಬೈಲಿಗೂ ಹಾಕಿಸಿಕೊಂಡು ಮತ್ತೆ ಮತ್ತೆ ಕೇಳಿದಳು. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಶೇಕಡಾ ಅಂದರೆ ನೂರಕ್ಕೆ ಎಂದು ಅವಳಿಗೆ ಗೊತ್ತು. ನೂರಕ್ಕೆ ಮೂವತ್ತು. ಅಂದರೆ ನೂರು ಜನ ರಸ್ಕ್ ತಿಂದರೆ ಮೂವತ್ತು ಜನಕ್ಕೆ ಕ್ಯಾನ್ಸರ್ ಬರುತ್ತದೆ ಎಂದು ಲೆಕ್ಕ ಹಾಕಿದಳು. ಕಟ್ಟಡದ ಬಾಡಿಗೆಯವರನ್ನು ಒಬ್ಬೊಬ್ಬರನ್ನಾಗಿ ನೆನೆದು ಬೆವೆತಳು. ಬೆವೆತವಳು ಇನ್ನೊಮ್ಮೆ ಕೇಳಿದಳು. ಈ ಸಲ ಒಂದೇ ಮಾತು ಕಿವಿಯಲ್ಲಿ ಉಳಿಯಿತು. ಪ್ಯಾಕೆಟ್. ಆ ಮನುಷ್ಯ ಉಸಿರಿಗೊಂದು ಸಲ ಪ್ಯಾಕೆಟ್ ಪ್ಯಾಕೆಟ್ ಅನ್ನುತ್ತಿದ್ದ. ಬಣ್ಣಬಣ್ಣದ ಮಿರಿಮಿರಿ ಹಾಳೆಯನ್ನು ತೋರಿಸುತ್ತಿದ್ದ.

ಹಾಗಾದರೆ ರೋಗ ಇರುವುದು ಆ ಹಾಳೆಯಲ್ಲಿ! ಪ್ಲಾಸ್ಟಿಕ್ ತಾನೇ ಅದು, ಒಳಗಿನ ತಿಂಡಿಗೆ ವಿಷ ಹತ್ತದೆ ಇನ್ನೇನು?

ಮಾರನೆಯ ದಿನವೇ ಮಾರತ್ತಹಳ್ಳಿಗೆ ಹೋಗಿ ದೊಡ್ಡ ದೊಡ್ಡ ಗಾಜಿನ ಜಾಡಿ ತಂದಳು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಕತ್ತರಿ ಹಿಡಿದು ಬಿಸ್ಕತ್ತು, ರಸ್ಕು, ಚಿಪ್ಸು ಎಲ್ಲದರ ಪ್ಯಾಕೆಟ್ ಕತ್ತರಿಸಿ ಜಾಡಿಗೆ ಸುರಿಯತೊಡಗಿದಳು. ಸದ್ದು ಕೇಳಿ ರಾಮಮ್ಮ ಬಂದು ನೋಡಿದಳು. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದವಳು ತಾನೂ ಕಾಲು ಚಾಚಿ ಕೂತಳು.

"ಇನ್ನೊಂದು ಕತ್ರಿ ಕೊಡು. ಮೊದ್ಲೇ ಇಂಗೆ ಮಾಡಿದ್ರೆ ಏನಾಗ್ತಿತ್ತು ನಿಂಗೆ?"

"ಮೊದ್ಲೇ ನೀನು ಬಂದು ಏಳಿದ್ರೆ ಏನಾಗ್ತಿತ್ತು?"

"ಏಳಿದ್ರೆ ಕೇಳೋ ಮುಖ ನೋಡು."

ಆದರೂ ಅವತ್ತು ಅತ್ತಿಗೆ ನಾದಿನಿ ಒಂದೇ ಬಟ್ಟಲಿಂದ ಎಲೆ ಅಡಿಕೆ ಹಾಕಿಕೊಂಡರು. ಕಸದ ಗಾಡಿ ಬಂದಾಗ ಖಾಲಿ ಹಾಳೆಗಳನ್ನು ಪೀಡೆ ತೊಲಗಿದಂತೆ ಸುರಿದು ಬಂದರು. ಸಂಜೆ ಮಲಕಪ್ಪ ಬಂದು ಪ್ಯಾಕೆಟ್ ಕೇಳಿದ. "ಪ್ಯಾಕೆಟ್ಟು ಕಾಯಿಲೆ ಕಣಪ್ಪ, ಲೂಸ್ ತಗೋ" ಎಂದು ಅಂಜಿನಮ್ಮ ಜಾಡಿಯಿಂದ ತೆಗೆದುಕೊಟ್ಟಳು. ಅವನು ಒಂದನ್ನು ಕಚ್ಚಿ ನೋಡಿ, "ಮೆತ್ತಗಾಗ್ಯಾವಲ್ರಿ ಅಕ್ಕಾರ" ಎಂದ. "ಆರೋಗ್ಯ ಅಂದ್ರೆ ಅಂಗೇ ಇರ್ತದೆ" ಎಂದು ರಾಮಮ್ಮ ಒಳಗಿನಿಂದಲೇ ಕೂಗಿದಳು.

ಔಷಧಿ ಹತ್ತಿಸುವ ದಿನ ಬಂತು. ಗಂಡನನ್ನು ನರ್ಸು ಒಳಗೆ ಕರೆದುಕೊಂಡು ಹೋದ ಮೇಲೆ ಅಂಜಿನಮ್ಮ ಡಾಕ್ಟರ ಕೋಣೆಗೆ ನುಗ್ಗಿದಳು. ಡಾಕ್ಟರು ಶಾಂಭವಿ, ವಿಜಯಪುರದ ಕಡೆಯ ಹೆಂಗಸು. ದುಡುಕಿನ ಮಾತಿಗೆ ಹೆದರುವವರಲ್ಲ.

"ಒಂದೇ ಮಾತಲ್ಲಿ ಏಳ್ಬಿಡಿ ಮೇಡಂ. ನಾನು ಕೊಟ್ಟ ರಸ್ಕಿಂದ ನಮ್ಮೆಜಮಾನ್ರಿಗೆ ಈ ಕಾಯಿಲೆ ಬಂತೋ, ಇಲ್ವೋ?"

"ಕುಂಡ್ರಿ ಮೊದಲ."

ಅಂಜಿನಮ್ಮ ಕೂರಲಿಲ್ಲ. ಮೊಬೈಲ್ ತೆಗೆದು ವೀಡಿಯೋ ತೋರಿಸಿದಳು. ಪ್ಯಾಕೆಟ್ ಎಲ್ಲ ಕತ್ತರಿಸಿ ಜಾಡಿಗೆ ಹಾಕಿದ್ದನ್ನೂ ಹೇಳಿದಳು. ಡಾಕ್ಟರು ನಗು ತಡೆದುಕೊಳ್ಳಲು ನೋಡಿ, ಆಗದೆ ನಕ್ಕುಬಿಟ್ಟರು.

"ಸಿಟ್ಟಾಗಬ್ಯಾಡ್ರಿ. ದೋಷ ಹಾಳಿದಲ್ಲ, ಒಳಗಿಂದು. ಕಾರ್ಖಾನ್ಯಾಗ ಮೈದಾ, ಸಕ್ಕರಿ, ಎಣ್ಣಿ, ಬಣ್ಣ, ವಾಸನಿ, ತಿಂಗಳಗಟ್ಲೆ ಕೆಡಬಾರ್ದು ಅಂತ ಇನ್ನೂ ಏನೇನೋ ಕೂಡಿಸಿ ಮಾಡಿದ್ದು ಅದು. ನೀವು ಬಂಗಾರದ ಡಬ್ಬಿಗೆ ಹಾಕಿಟ್ರೂ ಅದು ಅದೇ."

ಅಂಜಿನಮ್ಮನ ಮುಖ ಕೆಂಪಾಯಿತು. "ಅಂಗಾದ್ರೆ ಆ ಮೊಬೈಲ್‌ನೋನು ಏಳಿದ್ದು ನಿಜ. ನೂರಕ್ಕೆ ಮೂವತ್ತು."

"ಅಲ್ಲಿ ತಪ್ಪಿದ್ರಿ. ಮೂವತ್ತು ಮಂದಿಗೆ ಬರ್ತದ ಅಂತಲ್ಲ ಅದರ ಅರ್ಥ. ಲೆಕ್ಕ ತಿಳೀಲಿಕ್ಕೆ ಹಿಂಗ ಇಟ್ಕೊಳ್ರಿ. ಅಂಥ ತಿಂಡಿ ಕಡಿಮಿ ತಿನ್ನೂ ನೂರು ಮಂದ್ಯಾಗ ಮೂವರಿಗೆ ಈ ರೋಗ ಬರ್ತದ ಅನ್ರಿ. ಭಾಳ ತಿನ್ನೂ ನೂರು ಮಂದ್ಯಾಗ ನಾಲ್ಕು ಮಂದಿಗೆ. ಆ ಒಬ್ಬ ಹೆಚ್ಚಾದ ನೋಡ್ರಿ, ಮೂರಕ್ಕ ಒಂದು ಹೆಚ್ಚು ಅಂದ್ರ ಶೇಕಡಾ ಮೂವತ್ತರ ಹತ್ರ ಬಂತು. ಅವರು ಕೂಗಿದ್ದು ಅದನ್ನ."

"ಒಬ್ಬನೇನಾ?"

"ಒಬ್ಬನೇ. ಆದ್ರ ಆ ಒಬ್ಬನೂ ಮನುಷ್ಯಾನೇ. ಇಡೀ ಊರಿಗೆ ಲೆಕ್ಕ ಹಾಕಿದ್ರ ಭಾಳ ಮಂದಿ ಆಗ್ತಾರ. ಅದಕ್ಕ ಕಡಿಮಿ ತಿನ್ರಿ ಅಂತ ನಾವೂ ಹೇಳ್ತೀವಿ."

ಅಂಜಿನಮ್ಮ ಈಗ ಕುರ್ಚಿ ಎಳೆದುಕೊಂಡು ಕೂತಳು. "ನಮ್ಮೆಜಮಾನ್ರು ಆ ಮೂರು ಜನದಲ್ಲಿ ಬರ್ತಾರೋ, ನಾಲ್ಕನೇಯೋರೋ? ಅಷ್ಟು ಏಳಿ."

"ಅದನ್ನ ಯಾರೂ ಹೇಳ್ಲಿಕ್ಕೆ ಆಗೂದಿಲ್ಲ. ನಿಮ್ಮ ವರ್ತೂರು ರಸ್ತಾದಾಗ ಗುಂಡಿ ಅದಾವಲ್ರಿ? ಗುಂಡಿ ಇದ್ದ ಕಡೆ ಬೈಕಿನವರು ಹೆಚ್ಚು ಬೀಳ್ತಾರ, ಖರೇ. ಆದ್ರ ಯಾರೋ ಒಬ್ಬ ಬಿದ್ದದ್ದನ್ನ ನೀವು ನೋಡಿಲ್ಲ. ಗುಂಡಿಗೇ ಬಿದ್ನೋ, ನಾಯಿ ಅಡ್ಡ ಬಂತೋ, ತಲಿ ತಿರುಗ್ತೋ, ಆಮ್ಯಾಲೆ ಹೆಂಗ ಹೇಳ್ತೀರಿ?"

"ಗುಂಡಿ ಮುಚ್ಚಬೇಕೋ ಬ್ಯಾಡ್ವೋ?"

"ಮುಚ್ಚಬೇಕು. ಆದ್ರ ಬಿದ್ದವನ ಹೇಣ್ತಿ ಮ್ಯಾಲೆ ಕೇಸ್ ಹಾಕಬಾರ್ದು."

ಅದು ಪೂರ್ತಿ ಬಿಡುಗಡೆಯಲ್ಲ ಎಂದು ಅಂಜಿನಮ್ಮನಿಗೂ ಗೊತ್ತಿತ್ತು. ಹೌದು ಅಂದಿದ್ದರೆ ಅತ್ತುಬಿಡಬಹುದಿತ್ತು, ಇಲ್ಲ ಅಂದಿದ್ದರೆ ನಾದಿನಿಯ ಮುಂದೆ ಸೊಂಟ ಬಿಗಿದು ನಿಲ್ಲಬಹುದಿತ್ತು. ಗೊತ್ತಿಲ್ಲ ಅನ್ನುವುದನ್ನು ಹೊತ್ತುಕೊಂಡು ಮನೆಗೆ ಹೋಗುವುದು ಹೇಗೆ?

ಡಾಕ್ಟರು ಫೈಲು ತಿರುವುತ್ತಾ ಕೇಳಿದರು. "ಇವರ ಮನೆತನದಾಗ ಯಾರಿಗೂ ಈ ರೋಗ ಇರಲಿಲ್ಲ ಅಂತ ಬರಸೀರಿ. ಅಪ್ಪ, ಅವ್ವ, ಅಣ್ಣ ತಮ್ಮಂದಿರು, ಯಾರಿಗೂ ಇಲ್ಲೇನು?"

"ಯಾರ್ಗೂ ಇಲ್ಲ ಮೇಡಂ. ನಮ್ ಮಾವ್ನೋರು ಮೂಲವ್ಯಾಧೀಲಿ ಓದ್ರು."

ಡಾಕ್ಟರ ಕೈ ನಿಂತಿತು. "ಮೂಲವ್ಯಾಧಿಯಿಂದ ಸತ್ರಾ? ವಯಸ್ಸೆಷ್ಟಿತ್ತು?"

"ತಲೆ ಕೂದ್ಲು ಕೂಡ ನರೆತಿರ್ಲಿಲ್ವಂತೆ. ನಾನು ಈ ಮನೆಗೆ ಬರೋ ಮುಂಚೇನೇ ಓಗಿದ್ರು. ರಕ್ತ ಓಗ್ತಿತ್ತಂತೆ. ಒಣಗಿ ಒಣಗಿ ಕಡ್ಡಿ ಆಗಿದ್ರಂತೆ. ನಾಟಿ ಔಷಧಿ ಮಾಡ್ಸಿದ್ರು. ಮೂಲವ್ಯಾಧಿ ಅಂತಾನೇ ಊರೆಲ್ಲ ಏಳ್ತಿತ್ತು."

"ಮೂಲವ್ಯಾಧಿ ಹಂಗ ಒಣಗಿಸಿ ಕೊಲ್ಲೂದು ನಾ ನೋಡಿಲ್ಲ." ಡಾಕ್ಟರು ಫೈಲಿನಲ್ಲಿ ಏನೋ ಬರೆದುಕೊಂಡರು. "ಖಾತ್ರಿ ಅಂತ ಹೇಳ್ಲಾರೆ. ಆದ್ರ ಅದೂ ಇದೇ ರೋಗ ಇದ್ದಿರಬಹುದು. ಕೆಲವು ಮನೆತನದಾಗ ಇದು ರಕ್ತದಾಗ ಬರ್ತದ. ನಿಮ್ಮ ಯಜಮಾನ್ರಿಗೆ ಒಡಹುಟ್ಟಿದವರು ಅದಾರೇನು?"

"ಒಬ್ಳು ಅಕ್ಕ."

"ಅವರನ್ನ ಕರ್ಕೊಂಡು ಬರ್ರಿ. ಕ್ಯಾಮೆರಾ ಇರೂ ಕೊಳವಿ ಹಾಕಿ ಕರುಳು ನೋಡ್ತೀವಿ. ಏನಾರ ಸಣ್ಣದು ಇದ್ರ ಅಲ್ಲೇ ತೆಗೀಬಹುದು. ದೊಡ್ಡದಾಗೂ ತನಕ ಬಿಟ್ರ ಕಷ್ಟ. ಮುಂದಿನ ಸಲ ಬರೂವಾಗ ಬಿಡಬ್ಯಾಡ್ರಿ, ಕರ್ಕೊಂಡೇ ಬರ್ರಿ."

ಆಟೋ ಮಾರತ್ತಹಳ್ಳಿಯ ಸೇತುವೆ ಹತ್ತಿರ ಬಸ್ಸುಗಳ ನಡುವೆ ಸಿಕ್ಕಿಹಾಕಿಕೊಂಡು ನಿಂತಿತು. ಅಂಜಿನಮ್ಮನ ತಲೆಯಲ್ಲಿ ಮೊದಲು ಎದ್ದದ್ದು ಗೆಲುವು. ನಿಮ್ಮ ವಂಶದ ರಕ್ತ ಕಣಮ್ಮ ಇದು, ನನ್ನ ರಸ್ಕ್ ಅಲ್ಲ! ಈ ಮಾತನ್ನು ನಾದಿನಿಯ ಮುಖಕ್ಕೆ ಎಸೆಯುವುದನ್ನು ನೆನೆಸಿ ನೆನೆಸಿ ರುಚಿ ನೋಡಿದಳು. ಆಟೋ ಸ್ವಲ್ಪ ಸರಿಯಿತು, ಮತ್ತೆ ನಿಂತಿತು. ಪಕ್ಕದಲ್ಲಿ ಗಂಡ ಕಣ್ಣು ಮುಚ್ಚಿ ಕೂತಿದ್ದ. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಅದೇ ಮೂಳೆ, ಅದೇ ಉದ್ದ ಕುತ್ತಿಗೆ ರಾಮಕ್ಕನಿಗೂ ಇದೆ ಅನ್ನುವುದು ಅವಳಿಗೆ ಆಗ ಹೊಳೆಯಿತು. ಬಾಯಲ್ಲಿದ್ದ ರುಚಿ ಕಹಿಯಾಯಿತು.

ಡಾಕ್ಟರು ಹೇಳಿದ್ದನ್ನು ಗಂಡನಿಗೆ ಹೇಳಿದಳು. ಅವನು ಕಣ್ಣು ತೆರೆಯದೆಯೇ ಕೇಳಿಸಿಕೊಂಡ.

"ಅಕ್ಕನಿಗೆ ಏಳ್ಬೇಡ ಕಣೇ. ಅವ್ಳು ತಡಕೊಳ್ಳಲ್ಲ."

"ಏಳ್ದೆ ಇರೋಕಾಯ್ತದಾ?"

"ನಮ್ಮಪ್ಪ ಮಲಗಿದ್ದಾಗ ನಾನಿನ್ನೂ ಸಣ್ಣೋನು. ಅವ್ವ ಹೊಲಕ್ಕೆ ಓಗೋಳು. ಅಪ್ಪನ ಪಂಚೆ, ಗೋಣಿ, ಎಲ್ಲಾ ಕೆರೆಗೆ ತಗೊಂಡೋಗಿ ಒಗೀತಾ ಇದ್ದೋಳು ಅಕ್ಕನೇ. ಆ ರಕ್ತ ಎಲ್ಲಾ ಅವ್ಳ ಕೈ ಮೇಲೇ ಓಗಿರೋದು. ಯಾರ್ಗೂ ಏಳ್ಬೇಡ ಅಂತ ಅಪ್ಪ ಆಣೆ ಆಕಿಸ್ಕೊಂಡಿದ್ದ."

ಅಂಜಿನಮ್ಮ ಆಟೋದ ಸರಳು ಹಿಡಿದು ಕೂತಳು. ರಾಮಕ್ಕನಿಗೆ ಎಲ್ಲ ಗೊತ್ತು ಹಾಗಾದರೆ. ತಮ್ಮನಿಗೆ ರಕ್ತ ಹೋಗುತ್ತಿದೆ ಎಂದು ಕೇಳಿದ ದಿನವೇ ಗೊತ್ತಾಗಿರಬೇಕು. ರಸ್ಕಿನಿಂದ ಬಂದದ್ದಾದರೆ ರಸ್ಕ್ ಮುಟ್ಟದ ರಾಮಕ್ಕ ಬಚಾವು. ರಕ್ತದಿಂದ ಬಂದದ್ದಾದರೆ ಮುಂದಿನ ಸರದಿ ಅವಳದು. ಇಷ್ಟು ದಿನ ಅಂಗಡಿಯ ಮುಂದೆ ನಿಂತು ಬೈದದ್ದೆಲ್ಲ ಬೈಗುಳವಲ್ಲ, ಹೆದರಿಕೆ.

ಮೆತ್ತಗೆ ಹೇಳಬೇಕೆಂದೇ ಅಂಜಿನಮ್ಮ ಮನೆಗೆ ಬಂದಳು. ಗಂಡನನ್ನು ಮಲಗಿಸಿ, ಕಾಲು ತೊಳೆದು, ಅಡುಗೆಮನೆಗೆ ಹೋದಳು. ಮೆತ್ತಗೆ ಹೇಳುವ ಬುದ್ಧಿ ಅವಳಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ರಾಮಮ್ಮನೂ ಅದಕ್ಕೆ ಅವಕಾಶ ಕೊಡಲಿಲ್ಲ.

"ಏನಂದ್ಳು ನಿಮ್ ಡಾಕ್ಟ್ರಮ್ಮ? ಎಂಡ್ತಿ ಕೈ ಗುಣ ಅಂದ್ಳಾ?"

"ರಾಮಕ್ಕ, ಸುಮ್ಕಿರು. ಒಂದ್ ಮಾತು ಏಳೋದದೆ."

"ಏನ್ ಏಳ್ತೀಯೆ? ಮನೇಲಿ ಒಂದೊತ್ತು ಇಟ್ಟು ಬೇಯಿಸ್ದೆ ರಸ್ಕ್ ತಿನ್ನಿಸಿ ತಿನ್ನಿಸಿ..."

"ನಿಮ್ಮಪ್ಪ ಯಾವ ರಸ್ಕ್ ತಿಂದಿದ್ದ ಏಳು!"

ಮಾತು ಬಾಯಿಂದ ಹೋಗಿಬಿಟ್ಟಿತ್ತು. ರಾಮಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಒಲೆಯ ಮೇಲೆ ಗಂಜಿ ಉಕ್ಕಿ ಬೆಂಕಿಗೆ ಸುರಿದರೂ ಇಬ್ಬರೂ ಕದಲಲಿಲ್ಲ. ಕೊನೆಗೆ ಅಂಜಿನಮ್ಮನೇ ಹೋಗಿ ಗ್ಯಾಸ್ ಆರಿಸಿದಳು.

"ತಪ್ಪಾಯ್ತು ಕಣಕ್ಕ. ಅಂಗನ್ನಬಾರ್ದಿತ್ತು. ಆದ್ರೆ ಕೇಳು." ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಕೊಳವೆ, ಕ್ಯಾಮೆರಾ, ಸಣ್ಣದಿದ್ದರೆ ಅಲ್ಲೇ ತೆಗೆಯುವುದು. "ಒಂದಿನದ ಕೆಲ್ಸ. ನಾನೇ ಕರ್ಕೊಂಡೋಯ್ತೀನಿ. ನಿನ್ ಪಕ್ಕದಲ್ಲೇ ಕೂತಿರ್ತೀನಿ."

"ನಂಗೇನೂ ಆಗಿಲ್ಲ. ಗುಂಡ್ಕಲ್ ಇದ್ದಂಗಿವ್ನಿ."

"ಆಗಿಲ್ಲ ಅಂತ ನೋಡ್ಕೊಂಡು ಬರಾಣ."

"ನಾನು ಅಂಗಡೀದು ಒಂದ್ ಚೂರೂ ಬಾಯ್ಗೆ ಇಟ್ಟೋಳಲ್ಲ. ನಂಗ್ಯಾಕೆ ಬತ್ತದೆ ಅದು?"

ಅಂಜಿನಮ್ಮ ನಾದಿನಿಯ ಮುಂದೆ ನೆಲದ ಮೇಲೆ ಕೂತಳು. ಯಾರ ಮುಂದೆಯೂ ಹಾಗೆ ಕೂತವಳಲ್ಲ.

"ಆಯ್ತು. ನಾನೇ ತಪ್ಪು ಮಾಡ್ದೋಳು. ಸೋಮಾರಿತನಕ್ಕೆ ರಸ್ಕ್ ಆಕ್ದೆ, ನಿನ್ ತಮ್ಮನ್ನ ಈ ಗತಿಗೆ ತಂದೆ. ಊರಿಗೆಲ್ಲ ಇದ್ನೇ ಏಳ್ಕೊಂಡು ಬಾ, ನಾನು ಬಾಯಿ ಬಿಡಲ್ಲ. ಪರೀಕ್ಷೆ ಮಾತ್ರ ಮಾಡಿಸ್ಕೋ ಕಣಕ್ಕ."

ರಾಮಮ್ಮ ಅವಳನ್ನೇ ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಒಪ್ಕೊಂಡ್ಯಲ್ಲ. ತಪ್ಪು ನಿಂದೇ ಆದ್ಮೇಲೆ ನಂಗ್ಯಾಕೆ ಪರೀಕ್ಷೆ?"

ಅಂಜಿನಮ್ಮ ಎದ್ದು ನಿಂತಳು. ತಪ್ಪನ್ನು ಹೊತ್ತುಕೊಂಡರೂ ರಾಮಕ್ಕ ಉಳಿಯುವುದಿಲ್ಲ, ಇಳಿಸಿದರೂ ಅವಳು ಕೇಳುವುದಿಲ್ಲ. "ಇಲ್ಲ ಕಣಕ್ಕ, ನನ್ ತಪ್ಪಲ್ಲ, ರಸ್ಕಿಂದೂ ಪೂರ್ತಿ ಅಲ್ಲ, ಗೊತ್ತಿಲ್ಲ ಅಂತಾರೆ ಅವ್ರು, ಯಾರ್ಗೂ ಗೊತ್ತಿಲ್ಲ" ಎಂದು ತೊದಲಿದಳು. ಹೇಳುತ್ತಿದ್ದ ಹಾಗೆಯೇ ಅದೆಷ್ಟು ಕೈಲಾಗದ ಮಾತೆಂದು ಅವಳಿಗೇ ಅನ್ನಿಸಿತು. ಮೊಬೈಲಿನವನು ಕೂಗಿದಷ್ಟು ಗಟ್ಟಿಯಾಗಿ ಈ ಮಾತನ್ನು ಯಾರು ಕೂಗುತ್ತಾರೆ?

"ಗೊತ್ತಿಲ್ದಿರೋದುಕ್ಕೆ ನನ್ನ ಕೊಳವೆ ಬಾಯಿಗೆ ಕೊಡ್ತೀಯಾ?" ಎಂದಳು ರಾಮಮ್ಮ. ಒಳಗೆ ಹೋಗಿ ತನ್ನ ಎರಡು ಸೀರೆ, ಟವೆಲು, ಎಲೆ ಅಡಿಕೆ ಚೀಲ ತೆಗೆದು ಬ್ಯಾಗಿಗೆ ತುರುಕಿದಳು. ತಮ್ಮನ ಮಂಚದ ಹತ್ತಿರ ನಿಂತು ಅವನ ಹಣೆ ಸವರಿದಳು.

"ಅಕ್ಕ, ಒಂದ್ಸಲ ಆಸ್ಪತ್ರೆಗೆ ಓಗ್ಬಾ ಅಕ್ಕ" ಎಂದ ಅವನು, ಅವಳ ಕೈ ಬಿಡದೆ.

"ನೀನು ಒತ್ತೊತ್ತಿಗೆ ಉಣ್ಣು" ಎಂದಷ್ಟೇ ಹೇಳಿ ರಾಮಮ್ಮ ಕೈ ಬಿಡಿಸಿಕೊಂಡಳು.

ಅಂಜಿನಮ್ಮ ಬರಿಗಾಲಲ್ಲೇ ರಸ್ತೆಯವರೆಗೆ ಹಿಂದೆ ಹೋದಳು. "ಬೈಯಕ್ಕ, ಬೇಕಾದಷ್ಟು ಬೈಯಿ, ಬಾ ಒಳಗೆ" ಎಂದಳು. ಗಿರಾಕಿಗಳು ನೋಡುತ್ತಿದ್ದರು. ರಾಮಮ್ಮ ಒಂದು ಮಾತನ್ನೂ ಆಡಲಿಲ್ಲ. ಟ್ಯಾಂಕರೊಂದು ಹೋಗುವವರೆಗೆ ನಿಂತು, ರಸ್ತೆ ದಾಟಿ, ಬಸ್ ನಿಲ್ದಾಣದ ಕಡೆ ಅದೇ ಉದ್ದ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ನಡೆದಳು.

ಮುಂದಿನ ಔಷಧಿಯ ದಿನಕ್ಕೆ ಮುಂಚೆ ಅಂಜಿನಮ್ಮ ಫೋನ್ ಮಾಡಿದಳು. ತೆಗೆಯಲಿಲ್ಲ. ಅತ್ತಿಬೆಲೆಗೇ ಹೋದಳು. ರಾಮಮ್ಮ ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಹೋಗಿದ್ದಾಳೆ ಎಂದರು ಮನೆಯವರು. ಸಂಜೆಯವರೆಗೆ ಜಗಲಿಯ ಮೇಲೆ ಕಾದು ಎದ್ದು ಬಂದಳು. ಚಿಕ್ಕಬೈರಪ್ಪನಿಗೆ ಕೊನೆಯ ಸಲ ಔಷಧಿ ಹತ್ತಿಸಿ ಮುಗಿಸಿದ ದಿನ ಡಾಕ್ಟರು ಮತ್ತೆ ಕೇಳಿದರು, "ಅಕ್ಕನವರು ಬರಲಿಲ್ಲೇನ್ರಿ?" ಅಂಜಿನಮ್ಮ ಬಾಗಿಲ ಕಡೆ ನೋಡಿದಳು. ರಾಮಮ್ಮ ಬರಲಿಲ್ಲ.